ಮಾಜಾಳಿ ಗಡಿ ದಾಟಿದರೆ ಬೇರೆ ಕಾನೂನು

ನಿಮ್ಮ ತಂಗಿಯ ಸಂಗತಿ ಓದಿ ಮನಸ್ಸಿಗೆ ನೋವಾಯಿತು. ಮದುವೆಯಾಗಿ ಗೋವಾದ ಮಡಗಾಂವಿನಲ್ಲಿ ಸಂಸಾರ ಮಾಡಿದವರು ಈಗ ಗಂಡನಿಂದ ದೂರವಾಗಿ, ಮೂರು ವರ್ಷದ ಮಗುವನ್ನು ಕಟ್ಟಿಕೊಂಡು ಕಾರವಾರದ ಬಾಡಿಗೆ ಮನೆಯಲ್ಲಿದ್ದಾರೆ. ಇಲ್ಲಿ ಒಳ್ಳೆಯ ವಕೀಲರು ಯಾರೆಂದು ಮೈಸೂರಿನಿಂದ ಕೇಳಿದ್ದೀರಿ. ಅದಕ್ಕಿಂತ ಮೊದಲು ಕೇಳಬೇಕಾದ ಮಾತೊಂದಿದೆ: ಮದುವೆ ನೋಂದಣಿಯಾದದ್ದು ಎಲ್ಲಿ?

ಸದಾಶಿವಗಡದ ನಮ್ಮ ಮನೆಯಿಂದ ಮಾಜಾಳಿಯ ಗಡಿ ಹತ್ತಿರವೇ. ಅದರಾಚೆ ಗೋವಾದ ಕಾಣಕೋಣ. ಎರಡೂ ಕಡೆ ಕೊಂಕಣಿಯೇ ಮನೆಮಾತು. ಹೆಣ್ಣು ಕೊಡುವುದು, ತರುವುದು ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಕಾನೂನು ಮಾತ್ರ ಗಡಿಯಲ್ಲಿ ಬದಲಾಗುತ್ತದೆ. ನಮ್ಮಲ್ಲಿ ಹಿಂದೂಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಿಂದ ಬಂದ ಕುಟುಂಬ ಕಾನೂನು. ಅಲ್ಲಿ ಸಿವಿಲ್ ರಿಜಿಸ್ಟ್ರಾರರ ಮುಂದೆ ಸಹಿ ಬೀಳಬೇಕು. ಮೊದಲೇ ಬೇರೆ ಕರಾರು ಮಾಡಿಕೊಂಡಿರದಿದ್ದರೆ ಆಸ್ತಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸಮಪಾಲು. ಎಷ್ಟೋ ಹೆಣ್ಣುಮಕ್ಕಳಿಗೆ ಈ ಹಕ್ಕು ಇರುವುದೇ ತಿಳಿಯದೆ ಬರಿಗೈಯಲ್ಲಿ ತವರಿಗೆ ಮರಳುತ್ತಾರೆ.

ಹಿಂದೂ ವಿವಾಹ ಕಾಯ್ದೆ ಅನ್ವಯವಾಗುವುದಾದರೆ, 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಗಂಡ ಮೊದಲೇ ಗೋವಾದಲ್ಲಿ ದಾವೆ ಹೂಡಿದ್ದರೆ ತೊಡಕು. ಒಂದು ರಾಜ್ಯದ ಪ್ರಕರಣವನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು, ನಮ್ಮ ಹೈಕೋರ್ಟಿನ ಧಾರವಾಡ ಪೀಠದಿಂದ ಆಗುವುದಿಲ್ಲ. ಆದ್ದರಿಂದ ಗೋವಾದ ಪ್ರಕರಣ ನಡೆಸಿದ್ದೀರಾ ಎಂದು ವಕೀಲರನ್ನು ನೇರವಾಗಿ ಕೇಳಿ. ಬೆಂಗಳೂರಿನ ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಪ್ರತಿ ತಾರೀಕಿಗೂ ಇಲ್ಲಿ ನಿಲ್ಲುವವರು ಬೇಕು.

ಇಂಥದೇ ಪ್ರಕರಣಕ್ಕೆ ನನ್ನ ಚಿಕ್ಕಮ್ಮನ ಮಗಳ ಜೊತೆ ನಾನೇ ಓಡಾಡಿದ್ದೇನೆ. ಜುಲೈ ತಿಂಗಳ ಜಡಿಮಳೆ. ಕಾಗದಪತ್ರಗಳನ್ನೆಲ್ಲ ಎರಡು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ, ಸೆರಗಿನಡಿ ಹಿಡಿದು ಬಂದಿದ್ದಳು. ಅವಳು ಹೇಳಿದ್ದು ಕೊಂಕಣಿಯಲ್ಲಿ: ‘ಭಾಯ್ರ ಘಾಲೆಂ’, ಅಂದರೆ ಹೊರಗೆ ಹಾಕಿದರು. ಟೈಪಾಗಿ ಬಂದ ಕನ್ನಡ ಅರ್ಜಿಯಲ್ಲಿ ‘ಮನೆಯಿಂದ ಹೊರಬಂದಿರುತ್ತಾರೆ’ ಎಂದಿತ್ತು. ವಕೀಲರು ಆ ಸಾಲಿನ ಕೆಳಗೆ ಪೆನ್ನಿನಿಂದ ಗೀಟು ಎಳೆದು, ಕೊಂಕಣಿಯಲ್ಲೇ ಮತ್ತೊಮ್ಮೆ ಕೇಳಿ ತಿದ್ದಿಸಿದರು. ತಾನಾಗಿ ಬಿಟ್ಟುಬಂದವಳು ಎಂದು ದಾಖಲಾಗಿದ್ದರೆ ಜೀವನಾಂಶದ ವಾದ ಅಲ್ಲೇ ಸಡಿಲವಾಗುತ್ತಿತ್ತು. ಮನೆಮಾತು ಬಲ್ಲ ಸ್ಥಳೀಯ ವಕೀಲರ ಬೆಲೆ ನನಗೆ ತಿಳಿದದ್ದು ಆ ದಿನ. ಸಹಿ ಹಾಕುವ ಮೊದಲು ಅರ್ಜಿಯನ್ನು ಓದಿಸಿ ಕೇಳಲು ತಂಗಿಗೆ ಹೇಳಿ.

ಮಗುವಿನ ವಿಷಯದಲ್ಲಿ ಅಷ್ಟು ಹೆದರಬೇಕಿಲ್ಲ. ಸುಪರ್ದಿಯ ಅರ್ಜಿ, ಅಂದರೆ ಮಗು ಯಾರ ಬಳಿ ಇರಬೇಕೆಂಬ ಅರ್ಜಿ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೇ ಬರುತ್ತದೆ. ಹಿಂದೂ ಕಾನೂನಿನಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು. ಅಂಗನವಾಡಿಯ ದಾಖಲೆ, ಲಸಿಕೆ ಕಾರ್ಡು ಜೋಪಾನವಾಗಿರಲಿ. ಜೀವನಾಂಶಕ್ಕೆ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಹಣ ಲೆಕ್ಕಕ್ಕೆ ಬರುತ್ತದೆ ಎಂದೂ ಹೇಳಿದೆ. ಹಾಗಾಗಿ ಹಿರಿಯರ ಪಂಚಾಯಿತಿಕೆ ಮುಗಿಯಲಿ ಎಂದು ತಿಂಗಳುಗಟ್ಟಲೆ ಕಾಯಬೇಡಿ.

ಫೀಸಿನ ಚಿಂತೆಯಿದ್ದರೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ಸ್ವಂತ ವಕೀಲರಾದರೆ ಒಟ್ಟು ಫೀಸು ಎಷ್ಟು, ಕಂತು ಹೇಗೆ ಎಂದು ಮೊದಲೇ ಮಾತಾಡಿ ರಸೀದಿ ಪಡೆಯಿರಿ. ಬರುವ ಹಣದಲ್ಲಿ ಇಷ್ಟು ಪಾಲು ಎಂದು ಕೇಳುವವರಿಂದ ದೂರವಿರಿ. ವಕೀಲರಿಗೆ ಹಾಗೆ ಕೇಳಲು ನಿಯಮದಲ್ಲಿ ಅವಕಾಶವಿಲ್ಲ.

ನೋಂದಣಿ ಎಲ್ಲಾಗಿದೆ ಎಂದು ತಂಗಿಯನ್ನು ಕೇಳಿ ತಿಳಿಸಿ. ಅವರಿಗೆ ಈ ಊರು ಹೊಸದು. ಮೊದಲ ದಿನ ನಾನೇ ಜೊತೆಗೆ ಹೋಗುತ್ತೇನೆ.