ಕುದುರೆ ಮೇಲಿನ ರಾಜ

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಯಹೂದಿಗಳಿಗಾಗಿ ಡೆನ್ಮಾರ್ಕ್ ರಾಜ ತಾನೇ ಹಳದಿ ನಕ್ಷತ್ರ ಧರಿಸಿದ್ದನಂತೆ, ನಿಜಾನಾ? (ಓದುಗರೊಬ್ಬರು, ಮಂಡ್ಯ)

ಉತ್ತರ: ಇಲ್ಲ. ಯಹೂದಿಗಳನ್ನು ಗುರುತಿಸಲು ನಾಜಿಗಳು ಅವರ ಬಟ್ಟೆ ಮೇಲೆ ಹಾಕಿಸುತ್ತಿದ್ದ ಆ ನಕ್ಷತ್ರವನ್ನು ಡೆನ್ಮಾರ್ಕಿನಲ್ಲಿ ಜರ್ಮನ್ನರು ಕಡ್ಡಾಯ ಮಾಡಲೇ ಇಲ್ಲ. ಆದರೆ ಅಂಥ ಆದೇಶ ಬಂದರೆ ನಾವೆಲ್ಲರೂ ಅದನ್ನು ಹಾಕಿಕೊಳ್ಳುವುದೇ ಸರಿ ಎಂದು ಆಗಿನ ರಾಜ ಹತ್ತನೇ ಕ್ರಿಶ್ಚಿಯನ್ ತನ್ನ ದಿನಚರಿಯಲ್ಲಿ ಬರೆದಿದ್ದ. ಕಥೆ ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಅವನ ಕುದುರೆ ಸವಾರಿ. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ನುಗ್ಗಿತು, ಕೆಲವೇ ಗಂಟೆಗಳಲ್ಲಿ ದೇಶ ಶರಣಾಯಿತು. ರಾಜ ಓಡಿಹೋಗಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲೂ ದಿನಾ ಬೆಳಗ್ಗೆ ಕಾವಲುಗಾರರಿಲ್ಲದೆ ಒಬ್ಬನೇ ಕೋಪನ್‌ಹೇಗನ್ ಬೀದಿಗಳಲ್ಲಿ ಕುದುರೆ ಮೇಲೆ ಬರುತ್ತಿದ್ದ, ಜನ ಸುತ್ತುವರಿದು ನಮಸ್ಕರಿಸುತ್ತಿದ್ದರು. ಮೈಸೂರಿನ ಜಂಬೂಸವಾರಿಯಲ್ಲಿ ಆನೆ ಮೇಲೆ ಮಹಾರಾಜರನ್ನು ಕಂಡ ನಮ್ಮ ತಾತಂದಿರಿಗೆ ಆ ಭಾವ ಗೊತ್ತಿತ್ತು.

1942ರಲ್ಲಿ ಹಿಟ್ಲರ್ ಉದ್ದನೆಯ ಹುಟ್ಟುಹಬ್ಬದ ಶುಭಾಶಯ ಕಳಿಸಿದ. ರಾಜ ಒಂದೇ ಸಾಲಿನಲ್ಲಿ ಧನ್ಯವಾದ ಎಂದ, ಅಷ್ಟೇ! ಹಿಟ್ಲರ್ ಸಿಟ್ಟಾಗಿ ರಾಯಭಾರಿಯನ್ನು ವಾಪಸ್ ಕರೆಸಿಕೊಂಡ. ಅದೇ ಅಕ್ಟೋಬರಿನಲ್ಲಿ ರಾಜ ಕುದುರೆಯಿಂದ ಬಿದ್ದ, ಆಮೇಲೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ.

1943ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದವರು ಸಾಮಾನ್ಯ ಜನ, ಮೀನುಗಾರರು. ಆ ಹೆಸರು ಅವರಿಗೇ ಸಲ್ಲಬೇಕು.

ಇನ್ನೊಂದು ವಿಷಯ, ನಾರ್ವೆಯ ರಾಜ ಏಳನೇ ಹಾಕೊನ್ ಇವನ ಸ್ವಂತ ತಮ್ಮ. ಅವನು ನಾಜಿಗಳಿಗೆ ಬಗ್ಗದೆ ಲಂಡನ್ನಿಗೆ ಹೋಗಿ, 1945ರ ಜೂನ್ 7ರಂದು ಮರಳಿದ.