ಓದುಗರ ಪ್ರಶ್ನೆ: ಲೂವ್ರ್ ಅರಮನೆಯೊಳಗೆ ಅರ್ಧ ದಿನ

ಪ್ರಶ್ನೆ: ಪ್ಯಾರಿಸ್‌ನಲ್ಲಿ ಮೂರೇ ದಿನ ಇರುತ್ತೇವೆ. ಲೂವ್ರ್ ಮ್ಯೂಸಿಯಂಗೆ ಯಾವ ದಿನ ಹೋಗುವುದು ಒಳ್ಳೆಯದು? ಟಿಕೆಟ್ ಅಲ್ಲೇ ಕೊಳ್ಳಬಹುದೇ?

ಉತ್ತರ: ಮಂಗಳವಾರ ರಜೆ. ಸೋಮವಾರ ಪ್ಯಾರಿಸ್‌ನ ಇನ್ನೊಂದು ದೊಡ್ಡ ಮ್ಯೂಸಿಯಂ ಆದ ಓರ್ಸೆ ಮುಚ್ಚಿರುತ್ತದೆ, ಹಾಗಾಗಿ ಅಲ್ಲಿಗೆ ಹೋಗಬೇಕಿದ್ದವರೂ ಲೂವ್ರ್‌ಗೇ ಬರುತ್ತಾರೆ, ಅಂದೂ ಬೇಡ. ಉಳಿದ ದಿನಗಳಲ್ಲಿ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೂ ಉಂಟು. ಶುಕ್ರವಾರ ಸಂಜೆ ನಾಲ್ಕೂವರೆಗೆ ಒಳಗೆ ಹೋಗುವುದು ನಮ್ಮ ಮೊದಲ ಆಯ್ಕೆ: ಟೂರ್ ಬಸ್ಸುಗಳ ಗುಂಪು ಅಷ್ಟರಲ್ಲಿ ಕರಗತೊಡಗಿರುತ್ತದೆ.

ಟಿಕೆಟನ್ನು ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲೇ ಸಮಯ ಗೊತ್ತುಮಾಡಿ ಕೊಳ್ಳಿ. 2026ರ ಜನವರಿಯಿಂದ ಯುರೋಪಿನ ಆಚೆಯಿಂದ ಬರುವ ವಯಸ್ಕರಿಗೆ 32 ಯೂರೋ. 18 ವರ್ಷದೊಳಗಿನವರಿಗೆ ಉಚಿತ, ಆದರೆ ಅವರ ಹೆಸರಿನಲ್ಲೂ ಸಮಯ ಕಾಯ್ದಿರಿಸಿ. ಗೊತ್ತುಮಾಡಿದ ಹೊತ್ತಿನಿಂದ 30 ನಿಮಿಷದೊಳಗೆ ಬಾಗಿಲಲ್ಲಿರಬೇಕು. 55×35×20 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಏರ್‌ಪೋರ್ಟಿನಿಂದ ಸೂಟ್‌ಕೇಸ್ ಸಮೇತ ನೇರ ಬಂದವರು ಇಲ್ಲಿಂದಲೇ ವಾಪಸ್ ಹೋಗಬೇಕಾಗುತ್ತದೆ. ಸಣ್ಣ ಚೀಲಕ್ಕೆ ಪ್ರವೇಶದ್ವಾರದ ಗಾಜಿನ ಪಿರಮಿಡ್ಡಿನ ಕೆಳಗೆ ಉಚಿತ ಲಾಕರ್ ಇದೆ. ಇನ್ನೊಂದು ಮಾತು: ಒಮ್ಮೆ ಮ್ಯೂಸಿಯಂ ಬಿಟ್ಟು ಹೊರಗೆ ಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಹೋಗಲಾಗದು.

ಪ್ರಶ್ನೆ: ಒಳಗೆ ದಾರಿ ತಪ್ಪುತ್ತದೆ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಏಕೆ?

ಉತ್ತರ: ಇದು ಮ್ಯೂಸಿಯಂಗಾಗಿ ಕಟ್ಟಿದ ಕಟ್ಟಡವಲ್ಲ. 1190ರ ಸುಮಾರಿಗೆ ಕೋಟೆಯಾಗಿ ಶುರುವಾದದ್ದು; ಆಮೇಲೆ ಒಬ್ಬೊಬ್ಬ ರಾಜನೂ ಒಂದೊಂದು ಭಾಗ ಸೇರಿಸುತ್ತಾ ಹೋದ. 1793ರಲ್ಲಿ ಜನರಿಗೆ ತೆರೆಯಿತು. ಆದ್ದರಿಂದ ಒಂದು ಅಂತಸ್ತಿನಲ್ಲಿ ಜೋಡಿಕೊಂಡಿರುವ ಭಾಗಗಳು ಇನ್ನೊಂದರಲ್ಲಿ ಜೋಡಿಕೊಂಡಿರುವುದಿಲ್ಲ.

ಕೊಠಡಿಯ ಸಂಖ್ಯೆ ಓದಲು ಕಲಿತರೆ ಅರ್ಧ ಗೊಂದಲ ಹೋಯಿತು. ಮೋನಾಲಿಸಾ ಇರುವ 711 ಎಂದರೆ ಏಳನೇ ಮಹಡಿ ಅಲ್ಲ. ಅರಮನೆಗೆ ರಿಶಲ್ಯೂ, ಸುಲ್ಲಿ, ದನೋಂ ಎಂದು ಮೂರು ಭಾಗ. ನೆಲ ಅಂತಸ್ತಿನಲ್ಲಿ ರಿಶಲ್ಯೂಗೆ 200ರ ಸಾಲು, ಸುಲ್ಲಿಗೆ 300, ದನೋಂಗೆ 400. ಮೊದಲ ಮಹಡಿಯಲ್ಲಿ ಅದೇ ಕ್ರಮದಲ್ಲಿ 500, 600, 700. ಅದರ ಮೇಲೆ ರಿಶಲ್ಯೂಗೆ 800, ಸುಲ್ಲಿಗೆ 900. ನೋಡಬೇಕಾದವನ್ನು ಹೆಸರಿನ ಬದಲು ಈ ಸಂಖ್ಯೆಯಲ್ಲೇ ಬರೆದುಕೊಳ್ಳಿ. ಆ ದಿನ ಯಾವ ಕೊಠಡಿಗಳು ಮುಚ್ಚಿವೆ ಎಂದು ವೆಬ್‌ಸೈಟಿನಲ್ಲಿ ನೋಡಿಯೇ ಹೊರಡಿ. ಎಲ್ಲ ಕೊಠಡಿಗಳೂ ಎಲ್ಲ ದಿನವೂ ತೆರೆದಿರುವುದಿಲ್ಲ.

ಪ್ರಶ್ನೆ: ಮೋನಾಲಿಸಾ ನೋಡಿದವರಿಗೆ ನಿರಾಸೆಯಾಗುತ್ತದಂತೆ, ನಿಜವೇ?

ಉತ್ತರ: ಹೋಗುವ ಮೊದಲು ಅಳತೆ ತಿಳಿದಿರಲಿ: 77×53 ಸೆಂ.ಮೀ.ನ ಪಾಪ್ಲರ್ ಹಲಗೆ. ಮುಂದೆ ಗಾಜು, ಅದರ ಮುಂದೆ ಕಟಕಟೆ, ಅದರ ಹಿಂದೆ ಎತ್ತಿ ಹಿಡಿದ ಮೊಬೈಲುಗಳ ಕಾಡು. ವಾರ್ನಿಷ್ ಹಳತಾಗಿ ಇಡೀ ಚಿತ್ರಕ್ಕೆ ಹಳದಿ ಮಿಶ್ರಿತ ಹಸಿರು ಛಾಯೆ ಬಂದಿದೆ. ಅಷ್ಟು ದೂರದಿಂದ ತುಟಿಯಂಚಿನ ಸೂಕ್ಷ್ಮ ಕಾಣದು. ಸರದಿಯಲ್ಲಿ ಹೋಗಿ, ನೋಡಿ, ಫೋಟೋಗಾಗಿ ಹೊತ್ತು ಕಳೆಯಬೇಡಿ.

ನಂತರ ಬೆನ್ನು ತಿರುಗಿಸಿ. ಎದುರು ಗೋಡೆಯಲ್ಲಿ 16ನೇ ಶತಮಾನದ ಇಟಲಿಯ ಚಿತ್ರಕಾರ ವೆರೊನೀಸ್ ಬರೆದ 'ಕಾನಾ ಊರಿನ ಮದುವೆ' (ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಬೈಬಲ್ ಕಥೆ) ಇದೆ: 6.77 ಮೀಟರ್ ಎತ್ತರ, 9.94 ಮೀಟರ್ ಅಗಲ. ವೆನಿಸ್‌ನ ಒಂದು ಮಠದ ಊಟದ ಮನೆಗೆಂದು ಬರೆದದ್ದು. 1797ರಲ್ಲಿ ನೆಪೋಲಿಯನ್ ಸೈನ್ಯ ಹೊತ್ತು ತಂದಿತು. ವಧೂವರರು ಎಡತುದಿಯಲ್ಲಿದ್ದಾರೆ. ನಡುವೆ ಯೇಸು, ಅವನ ತಲೆಯ ನೇರ ಮೇಲೆ ಮಾಂಸ ಕತ್ತರಿಸುವವರು, ಮುಂದೆ ವಾದ್ಯದವರು. ಬಲತುದಿಯ ದೊಡ್ಡ ಹೂಜಿಯನ್ನು ಪರಚುತ್ತಾ ಅಂಗಾತ ಬಿದ್ದಿರುವ ಬೆಕ್ಕನ್ನು ಹುಡುಕಿ. ಇಷ್ಟು ದೊಡ್ಡ ಚಿತ್ರದ ಮುಂದೆ ನಿಲ್ಲಲು ಜಾಗಕ್ಕೆ ಯಾರೂ ನೂಕುವುದಿಲ್ಲ. ಆ ಕೊಠಡಿಗೆ ಹೋಗಿ ಇದನ್ನು ನೋಡದೆ ಬರುವುದು ನಿಜವಾದ ನಷ್ಟ.

ಪ್ರಶ್ನೆ: ಹತ್ತು ವರ್ಷದ ಮಗ, ಮಂಡಿ ನೋವಿನ ಅಮ್ಮ ಜೊತೆಗಿರುತ್ತಾರೆ. ಇಬ್ಬರಿಗೂ ಹೊಂದುವಂಥದ್ದು ಏನಿದೆ?

ಉತ್ತರ: ಗುರುತಿನ ಚೀಟಿ ಕೊಟ್ಟರೆ ಪಿರಮಿಡ್ಡಿನ ಕೆಳಗೆ ವ್ಹೀಲ್‌ಚೇರ್ ಉಚಿತವಾಗಿ ಸಿಗುತ್ತದೆ. ಪ್ರಾಚೀನ ಗ್ರೀಕ್ ಶಿಲ್ಪವಾದ ರೆಕ್ಕೆಯ ವಿಜಯದೇವತೆ (703) ದೊಡ್ಡ ಮೆಟ್ಟಿಲಿನ ತುದಿಯಲ್ಲಿದ್ದಾಳೆ, ಅಮ್ಮನನ್ನು ಆ ಮೆಟ್ಟಿಲು ಹತ್ತಿಸಬೇಡಿ. ಲಿಫ್ಟ್ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ.

ಮಗನನ್ನು ಮೊದಲು ರಿಶಲ್ಯೂ ನೆಲ ಅಂತಸ್ತಿಗೆ, 229ಕ್ಕೆ ಕರೆದೊಯ್ಯಿರಿ. ಪ್ರಾಚೀನ ಅಸ್ಸೀರಿಯದ (ಇಂದಿನ ಇರಾಕ್) ಖೋರ್ಸಾಬಾದ್ ಅರಮನೆಯ ಬಾಗಿಲು ಕಾಯುತ್ತಿದ್ದ ರೆಕ್ಕೆಯ ಗೂಳಿಗಳು ಅಲ್ಲಿವೆ, 4 ಮೀಟರ್ ಮೀರಿದ ಎತ್ತರ, ಮನುಷ್ಯನ ಮುಖ. ಕಾಲು ಎಣಿಸಲು ಹೇಳಿ. ಮುಂದಿನಿಂದ ಎರಡು ಕಾಲು, ಗೂಳಿ ನಿಂತಿದೆ. ಪಕ್ಕದಿಂದ ನಾಲ್ಕು, ನಡೆಯುತ್ತಿದೆ. ಮೂಲೆಗೆ ಬಂದರೆ ಐದೂ ಕಾಣುತ್ತವೆ. ಎರಡೂ ಕಡೆಯಿಂದ ಪೂರ್ಣವಾಗಿ ಕಾಣಲೆಂದು ಶಿಲ್ಪಿ ಒಂದು ಕಾಲು ಹೆಚ್ಚಿಗೆ ಕೆತ್ತಿದ್ದಾನೆ.

ಹತ್ತಿರವೇ 227ರಲ್ಲಿ ಪ್ರಾಚೀನ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನ ಕಂಬ, 2.25 ಮೀಟರ್ ಎತ್ತರದ ಕಪ್ಪು ಕಲ್ಲು. ಮುಂಭಾಗದ ಕೆಳಗೆ ಅಕ್ಷರಗಳು ನಿಂತುಹೋಗಿ ಕಲ್ಲು ನುಣ್ಣಗಾಗಿರುವುದನ್ನು ತೋರಿಸಿ. ಈ ಕಂಬವನ್ನು ಇಂದಿನ ಇರಾನಿನಲ್ಲಿರುವ ತಮ್ಮ ಸೂಸಾ ನಗರಕ್ಕೆ ಕೊಂಡೊಯ್ದ ನೆರೆರಾಜ್ಯ ಏಲಾಮಿನವರು ಅಲ್ಲಿ ಹಲವು ಸಾಲು ಉಳಿಯಿಂದ ಅಳಿಸಿದರು. ಇಷ್ಟಕ್ಕೆ ಒಂದು ಗಂಟೆ ಬೇಕು, ಮೆಟ್ಟಿಲು ಹತ್ತುವ ಕೆಲಸ ಕಡಿಮೆ, ಮೋನಾಲಿಸಾ ಕಡೆಯ ನೂಕಾಟವೂ ಇಲ್ಲ.