ಓದುಗರ ಪ್ರಶ್ನೆ: 43 ಅಡಿ ದೂರದ ಎಸೆತಗಾರ್ತಿಯರು

ಪ್ರಶ್ನೆ: 2025ರಲ್ಲಿ ಟೆಕ್ಸಾಸ್‌ನ ಮಗಳ ಮನೆಯಲ್ಲಿದ್ದಾಗ ಟಿ.ವಿ.ಯಲ್ಲಿ ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ ನೋಡುವ ಅಭ್ಯಾಸವಾಯಿತು. ಟೆಕ್ಸಾಸ್ ಟೆಕ್ ತಂಡದ ನಿಜಾರಿ ಕ್ಯಾನಡಿ ಅವರ ಇಆರ್‌ಎ ಆ ವರ್ಷ 1.11 ಇತ್ತೆಂದೂ ಹಿಂದಿನ ವರ್ಷ 0.73 ಇತ್ತೆಂದೂ ಅಳಿಯಂದಿರು ಹೇಳಿದರು. ಈ ಲೆಕ್ಕ ಏನು? ಅವರ ಆಟ ಕುಸಿಯಿತೆಂದು ಇದರ ಅರ್ಥವೆ?
– ಓದುಗಿಯೊಬ್ಬರು, ಶಿವಮೊಗ್ಗ

ಉತ್ತರ: ಸಾಫ್ಟ್‌ಬಾಲ್‌ನಲ್ಲಿ ಮೂರು ಔಟ್ ಆದರೆ ತಂಡದ ಒಂದು ಇನ್ನಿಂಗ್ಸ್ ಮುಗಿಯುತ್ತದೆ, ಪಂದ್ಯಕ್ಕೆ ಏಳು ಇನ್ನಿಂಗ್ಸ್. ಪಿಚರ್, ಅಂದರೆ ಎಸೆತಗಾರ್ತಿ, ಇಂಥ ಒಂದು ಪೂರ್ತಿ ಪಂದ್ಯಕ್ಕೆ ಸರಾಸರಿ ಎಷ್ಟು ರನ್ ಬಿಟ್ಟುಕೊಡುತ್ತಾರೆ ಎಂಬುದೇ ಇಆರ್‌ಎ. ಕ್ಷೇತ್ರರಕ್ಷಕರ ತಪ್ಪಿನಿಂದ ಬಂದ ರನ್ನುಗಳನ್ನು ಇದರಲ್ಲಿ ಸೇರಿಸುವುದಿಲ್ಲ. ನಮ್ಮ ಕ್ರಿಕೆಟ್‌ನಲ್ಲಿ ಬೈ ಮತ್ತು ಲೆಗ್ ಬೈ ರನ್ನುಗಳನ್ನು ಬೌಲರ್ ಖಾತೆಗೆ ಹಾಕದ ಕ್ರಮವನ್ನು ನೆನಪಿಸಿಕೊಳ್ಳಬಹುದು. ಆದರೆ ಸಾಫ್ಟ್‌ಬಾಲ್ ಇನ್ನೂ ಉದಾರಿ, ಏಕೆಂದರೆ ಕೈಗೆ ಬಂದ ಕ್ಯಾಚನ್ನು ಯಾರಾದರೂ ಬಿಟ್ಟರೆ ಅದರಿಂದ ಹುಟ್ಟಿದ ರನ್ನನ್ನೂ ಪಿಚರ್ ತಲೆಗೆ ಕಟ್ಟುವುದಿಲ್ಲ.

2024ರಲ್ಲಿ ಸ್ಟ್ಯಾನ್‌ಫರ್ಡ್ ತಂಡದಲ್ಲಿದ್ದ ಕ್ಯಾನಡಿ 230.2 ಇನ್ನಿಂಗ್ಸ್ ಎಸೆದರು. ಆ ಚುಕ್ಕೆಯನ್ನು ದಶಮಾಂಶವೆಂದು ಓದಬಾರದು, 4.2 ಓವರ್ ಎಂದರೆ ನಾಲ್ಕು ಓವರ್ ಎರಡು ಚೆಂಡು ಎನ್ನುವಂತೆಯೇ ಇದು 230 ಇನ್ನಿಂಗ್ಸ್ ಮತ್ತು ಎರಡು ಔಟ್. ಅಷ್ಟರಲ್ಲಿ ಅವರ ಲೆಕ್ಕಕ್ಕೆ ಬಂದದ್ದು 24 ರನ್. ಮರುವರ್ಷ 240 ಇನ್ನಿಂಗ್ಸ್‌ಗೆ 38 ರನ್. ಔಟ್‌ಗಳ ಕಡೆಯಿಂದ ನೋಡಿದರೆ, 2025ರ 720 ಔಟ್‌ಗಳಲ್ಲಿ 319 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು), ಅಂದರೆ ನೂರಕ್ಕೆ 44ರಷ್ಟನ್ನು ಮೈದಾನದಲ್ಲಿ ಚೆಂಡು ಹಿಡಿಯುವವರ ನೆರವಿಲ್ಲದೆ ಪಡೆದದ್ದು. ಹಿಂದಿನ ವರ್ಷ ಈ ಪ್ರಮಾಣ ಸುಮಾರು 49 ಇತ್ತು. ತುಸು ಇಳಿದದ್ದು ನಿಜ, ಆದರೆ ಕುಸಿತ ಎನ್ನಲು ನನಗೆ ಮನಸ್ಸು ಬಾರದು. 34 ಗೆಲುವು, 7 ಸೋಲು, ಬಿಗ್ 12 ಕಾನ್ಫರೆನ್ಸಿನ (ತಮ್ಮೊಳಗೆ ಆಡುವ ಕಾಲೇಜು ತಂಡಗಳ ಗುಂಪು) ವರ್ಷದ ಪಿಚರ್ ಗೌರವ, ಜೊತೆಗೆ ತಂಡಕ್ಕೆ ಮೊದಲ ಕಾನ್ಫರೆನ್ಸ್ ಪ್ರಶಸ್ತಿ: ಕುಸಿದವರ ವರ್ಷ ಹೀಗಿರುವುದಿಲ್ಲ.

ಪ್ರಶ್ನೆ: ಕೈಯನ್ನು ಕೆಳಗಿನಿಂದ ತಂದು ಎಸೆಯುವ ಚೆಂಡು, ಅದೂ ಮೂಸಂಬಿಗಿಂತ ದೊಡ್ಡದು. ಹೊಡೆಯುವುದು ಅಷ್ಟೊಂದು ಕಷ್ಟವೆ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಕಷ್ಟ ಇರುವುದು ದೂರದಲ್ಲಿ. ಅಮೆರಿಕದ ಕಾಲೇಜು ಆಟದಲ್ಲಿ ಪಿಚರ್ ನಿಲ್ಲುವ ಪಟ್ಟಿಯಿಂದ ಬ್ಯಾಟರ್ ಬಳಿಯ ಹೋಮ್ ಪ್ಲೇಟಿಗೆ ಕೇವಲ 43 ಅಡಿ. ಕ್ರಿಕೆಟ್ ಪಿಚ್‌ನಲ್ಲಿ ಎರಡು ಪಾಪಿಂಗ್ ಕ್ರೀಸ್‌ಗಳ ನಡುವೆ 58 ಅಡಿ ಇದೆ. ಆದ್ದರಿಂದ ಗಂಟೆಗೆ 113 ಕಿ.ಮೀ. ವೇಗದ ಸಾಫ್ಟ್‌ಬಾಲ್ ಎಸೆತ ಬ್ಯಾಟರ್‌ಗೆ ಕೊಡುವ ಸಮಯವನ್ನು ಕ್ರಿಕೆಟ್‌ನ ದೂರಕ್ಕೆ ಹೊಂದಿಸಿದರೆ ಅದು ಸುಮಾರು 152 ಕಿ.ಮೀ. ವೇಗಕ್ಕೆ ಸಮ. ಅದರ ಮೇಲೆ ಚೆಂಡು ನೆಲಕ್ಕೆ ಬಡಿದು ವೇಗ ಕಳೆದುಕೊಳ್ಳುವುದೂ ಇಲ್ಲ, ನೇರವಾಗಿ ಬರುತ್ತದೆ.

ಕೈಯ ಚಲನೆಯನ್ನು ಹತ್ತಿರದಿಂದ ನೋಡಿ. ತೋಳು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ತಿ ಸುತ್ತು ತಿರುಗಿ, ಮುಂಗೈ ಸೊಂಟದ ಪಕ್ಕಕ್ಕೆ ಬಂದ ಕ್ಷಣದಲ್ಲಿ ಬೆರಳ ತುದಿಯಿಂದ ಚೆಂಡು ಬಿಡುಗಡೆಯಾಗುತ್ತದೆ. ಕ್ಯಾನಡಿ ಅವರ ಹೆಸರಾದ ಅಸ್ತ್ರ ರೈಸ್‌ಬಾಲ್. ಚೆಂಡಿಗೆ ಹಿಂದಕ್ಕೆ ಉರುಳುವ ಸುತ್ತು ಕೊಟ್ಟಾಗ ಅದು ಬ್ಯಾಟರ್ ಎಣಿಸಿದಷ್ಟು ಕೆಳಗಿಳಿಯದೆ ಮೇಲೇ ಉಳಿಯುತ್ತದೆ, ಬ್ಯಾಟು ಅದರ ಅಡಿಯಲ್ಲಿ ಹಾದುಹೋಗುತ್ತದೆ. ಮುಂದಿನ ಎಸೆತ ಅದೇ ತೋಳಿನ ರಭಸದಲ್ಲಿ ಬಂದ ನಿಧಾನದ ಚೇಂಜ್‌ಅಪ್ ಆಗಿದ್ದರೆ, ಬ್ಯಾಟರ್ ಮೊದಲೇ ಬೀಸಿ ಮುಗ್ಗರಿಸುವುದನ್ನು ನೀವೇ ನೋಡಿರುತ್ತೀರಿ.

ಬರೀ ವೇಗದ ಮಾತಾದರೆ ಆ ವರ್ಷ ಹೆಸರು ಮಾಡಿದವರು ಬೇರೆ, ಎಸ್‌ಇಸಿ ಕಾನ್ಫರೆನ್ಸಿನ ಟೆನೆಸಿ ತಂಡದ ಕಾರ್ಲಿನ್ ಪಿಕೆನ್ಸ್. 2025ರ ಮಾರ್ಚ್‌ನಲ್ಲಿ ಗಂಟೆಗೆ 78.2 ಮೈಲಿ, ಮೇ ತಿಂಗಳಲ್ಲಿ 79.4 ಮೈಲಿ, ಅಂದರೆ ಸುಮಾರು 128 ಕಿ.ಮೀ. ವೇಗದಲ್ಲಿ ಎಸೆದು, ಮೋನಿಕಾ ಆಬಟ್ ಅವರ 77 ಮೈಲಿಯ ಹಳೆಯ ದಾಖಲೆಯನ್ನು ಎರಡು ಬಾರಿ ಹಿಂದಿಕ್ಕಿದರು.

ಪ್ರಶ್ನೆ: ಬಿಗ್ 12ರಲ್ಲಿ ಮೊದಲಿದ್ದ ಬಲವಾದ ತಂಡಗಳೇ ಹೊರಟುಹೋಗಿದ್ದವಲ್ಲ? ಎದುರಾಳಿ ಇಲ್ಲದ ಊರಿನಲ್ಲಿ ಗೆದ್ದಂತಾಗಲಿಲ್ಲವೆ?
– ಕನ್ನಡಿಗರೊಬ್ಬರು, ಹ್ಯೂಸ್ಟನ್

ಉತ್ತರ: ಪ್ರಶ್ನೆ ಖಾರವಾಗಿದ್ದರೂ ನ್ಯಾಯವಾಗಿದೆ. 2021ರಿಂದ 2024ರವರೆಗೆ ಸತತ ನಾಲ್ಕು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಒಕ್ಲಹೋಮ ಮತ್ತು ಅದರ ನೆರೆಯ ಟೆಕ್ಸಾಸ್ (ಇದು ಟೆಕ್ಸಾಸ್ ಟೆಕ್ ಅಲ್ಲ, ಬೇರೆ ವಿಶ್ವವಿದ್ಯಾಲಯ) ಎರಡೂ 2024ರ ಜುಲೈನಲ್ಲಿ ಬಿಗ್ 12 ಬಿಟ್ಟು ಎಸ್‌ಇಸಿ ಸೇರಿದವು. ಹಾಗಾಗಿ 2025ರ ಬಿಗ್ 12 ಅಂಕಿಗಳನ್ನಷ್ಟೇ ಮುಂದಿಟ್ಟು ಯಾರನ್ನೂ ದೇಶಕ್ಕೇ ಮೊದಲಿಗರೆನ್ನಲು ಆಗದು. ಪಿಚರ್‌ಳ ಅಂಕಿ ಯಾವತ್ತೂ ಎದುರು ನಿಂತ ಬ್ಯಾಟಿನ ಅಂಕಿಯೂ ಹೌದು. ಆದರೆ ಕ್ಯಾನಡಿ ವಿಷಯದಲ್ಲಿ ಆ ಅನುಮಾನವನ್ನು ಒಕ್ಲಹೋಮ ಸಿಟಿಯ ರಾಷ್ಟ್ರೀಯ ಕೂಟವೇ ಪರಿಹರಿಸಿತು. ಮೊದಲ ಬಾರಿಗೆ ಅಲ್ಲಿಗೆ ಹೋದ ಟೆಕ್ಸಾಸ್ ಟೆಕ್, ಸೆಮಿಫೈನಲ್‌ನಲ್ಲಿ ಒಕ್ಲಹೋಮವನ್ನೇ 3–2ರಿಂದ ಸೋಲಿಸಿತು.

ಪ್ರಶ್ನೆ: ಕಾಲೇಜು ಹುಡುಗಿಗೆ ಹತ್ತು ಲಕ್ಷ ಡಾಲರ್ ಕೊಟ್ಟರಂತೆ, ನಿಜವೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಜ. ಕ್ಯಾನಡಿ ಅವರ ಒಪ್ಪಂದದ ಮೊತ್ತ 10,50,024 ಡಾಲರ್. ಹತ್ತು ಲಕ್ಷ ಅವರಿಗೆ, 50,000 ಜೀವನ ವೆಚ್ಚಕ್ಕೆ, ಉಳಿದ 24 ಅವರ ಅಂಗಿಯ ಸಂಖ್ಯೆಗೆ.

ಪ್ರಶ್ನೆ: ಇಷ್ಟೆಲ್ಲ ಇದ್ದೂ ಟೆಕ್ಸಾಸ್ ಟೆಕ್ ಫೈನಲ್‌ನಲ್ಲಿ ಸೋತದ್ದು ಹೇಗೆ?
– ದೈಹಿಕ ಶಿಕ್ಷಣ ಶಿಕ್ಷಕರು, ತುಮಕೂರು

ಉತ್ತರ: ಅಂತರ ಕಾಲೇಜು ಕೂಟಗಳಿಗೆ ತಂಡ ಕಟ್ಟುವ ನಿಮಗೆ ಈ ಕಥೆ ಪರಿಚಿತವೆನಿಸೀತು. ಮೂರು ಪಂದ್ಯಗಳ ಫೈನಲ್‌ನಲ್ಲಿ ಎದುರಾಳಿ ಟೆಕ್ಸಾಸ್. ಮೊದಲ ಪಂದ್ಯದ ಆರನೇ ಇನ್ನಿಂಗ್ಸ್‌ನಲ್ಲಿ ಟೆಕ್ 1–0 ಮುಂದಿತ್ತು. ಎರಡು ಮತ್ತು ಮೂರನೇ ಬೇಸ್‌ಗಳಲ್ಲಿ (ರನ್‌ಗಾಗಿ ಓಡುವಾಗ ಮುಟ್ಟಬೇಕಾದ ನೆಲೆಗಳು) ಟೆಕ್ಸಾಸ್ ಓಟಗಾರ್ತಿಯರಿದ್ದರು. ಅಪಾಯಕಾರಿ ಬ್ಯಾಟರ್ ರೀಸ್ ಆಟ್‌ವುಡ್ ಅವರಿಗೆ ಬೇಕೆಂದೇ ನಾಲ್ಕು ‘ಬಾಲ್’, ಅಂದರೆ ಗುರಿಯ ವಲಯದ ಹೊರಗಿನ ಎಸೆತ, ಎಸೆದು ಮೊದಲ ಬೇಸ್‌ಗೆ ಕಳುಹಿಸಲು ಟೆಕ್ ನಿರ್ಧರಿಸಿತು. ಮೂರು ಎಸೆತ ದೂರ ಹೋದವು. ನಾಲ್ಕನೆಯದು ಸಾಕಷ್ಟು ದೂರ ಹೋಗಲಿಲ್ಲ. ಆಟ್‌ವುಡ್ ಕೈಚಾಚಿ ಬಾರಿಸಿಯೇಬಿಟ್ಟರು, ಎರಡು ರನ್ ಬಂದವು, ಟೆಕ್ಸಾಸ್ 2–1ರಿಂದ ಗೆದ್ದಿತು. ಇಡೀ ವರ್ಷ ರೈಸ್‌ಬಾಲ್‌ಗೆ ತಡಬಡಾಯಿಸಿದ ಬ್ಯಾಟರ್‌ಗಳ ನಡುವೆ, ಹೊಡೆಯಲೆಂದು ಎಸೆಯದ ಚೆಂಡು ಪಂದ್ಯವನ್ನು ಕೊಂಡೊಯ್ದಿತು.

ಎರಡನೇ ಪಂದ್ಯವನ್ನು ಟೆಕ್ 4–3ರಿಂದ ಗೆದ್ದಿತು. ಅಲ್ಲಿಯವರೆಗೆ ಆ ಕೂಟದಲ್ಲಿ ತಂಡದ ಪ್ರತಿಯೊಂದು ಎಸೆತವೂ ಕ್ಯಾನಡಿ ಅವರದೇ. ಕೆಳಗಿನಿಂದ ಎಸೆಯುವುದರಿಂದ ತೋಳಿಗೆ ದಣಿವಿಲ್ಲ ಎಂಬ ಹಳೆಯ ನಂಬಿಕೆಯನ್ನು ನಾನು ಒಪ್ಪುವುದಿಲ್ಲ, ಭುಜ ಲೋಹದ್ದಲ್ಲ. ಜೂನ್ 6ರಂದು ನಡೆದ ಮೂರನೇ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲೇ ಟೆಕ್ಸಾಸ್ ಐದು ರನ್ ಗಳಿಸಿತು, ಕ್ಯಾನಡಿ ಅವರನ್ನು ಹಿಂದಕ್ಕೆ ಕರೆಸಿಕೊಂಡರು, ಅಂತಿಮವಾಗಿ 10–4. ಟೆಕ್ಸಾಸ್‌ಗೆ ಅದು ಮೊದಲ ರಾಷ್ಟ್ರೀಯ ಪ್ರಶಸ್ತಿ. ಕೂಟದ ಶ್ರೇಷ್ಠ ಆಟಗಾರ್ತಿಯಾಗಿ ಆಯ್ಕೆಯಾದವರು ಟೆಕ್ಸಾಸ್‌ನ ಪಿಚರ್ ಟೀಗನ್ ಕವಾನ್. ಆ ಕೂಟದಲ್ಲಿ ಅವರು ಎಸೆದದ್ದು 31.2 ಇನ್ನಿಂಗ್ಸ್, ಕೊನೆಯ ಪಂದ್ಯದ ಆ ನಾಲ್ಕು ರನ್ನುಗಳೂ ಇಆರ್‌ಎ ಲೆಕ್ಕಕ್ಕೆ ಬರುವಂಥವಲ್ಲದ ಕಾರಣ, ಅವರ ಹೆಸರಿನ ಮುಂದೆ ಇರುವ ಅಂಕಿ 0.00.